ಟವೆಲಿನ ಕೆಳಗಿನ ಕೈ

ನೀಲಾಂಬಿಕೆಗೆ ಒಂದೇ ವಾರದಲ್ಲಿ ಎರಡು ಕೆಲಸ ಸಿಕ್ಕವು. ಒಂದೂ ಸಿಗದಿದ್ದರೆ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದಳು. ಎರಡು ಸಿಕ್ಕಿದ್ದರಿಂದ ನಿದ್ದೆಯೇ ಹಾರಿಹೋಯಿತು.

ಓದು ಮುಗಿದು ತಿಂಗಳಾಗಿತ್ತಷ್ಟೆ. ಎರಡು ಕೆಲಸವೂ ಮುಂಬಯಿಯವು. ಒಂದು ಟ್ರೇಡಿಂಗ್. ಷೇರುಪೇಟೆಯ ಬೆಲೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕ್ಷಣದಲ್ಲಿ ಕೊಳ್ಳಬೇಕು, ಕ್ಷಣದಲ್ಲಿ ಮಾರಬೇಕು. ಗೆದ್ದೆಯೋ ಸೋತೆಯೋ ಸಂಜೆಗೆ ಗೊತ್ತಾಗುತ್ತದೆ. ಇನ್ನೊಂದು ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್. ಕಂಪನಿಗಳಿಗೆ ಬಂಡವಾಳ ಹುಡುಕಿಕೊಡುವುದು, ಎರಡು ಕಂಪನಿಗಳನ್ನು ಮಾತುಕತೆಯಾಡಿಸಿ ಕೂಡಿಸುವುದು. ಒಂದೊಂದು ಮಾತುಕತೆಗೂ ತಿಂಗಳುಗಟ್ಟಲೆ ಕೂರಬೇಕು. ಸಂಬಳ ಹೆಚ್ಚುಕಡಿಮೆ ಒಂದೇ. ಸೋಮವಾರದೊಳಗೆ ಒಂದಕ್ಕೆ ಹೂಂ ಅನ್ನಬೇಕಿತ್ತು. ಹೂಂ ಅಂದ ಮೇಲೆ ಇನ್ನೊಂದು ಬಾಗಿಲು ಮುಚ್ಚಿದಂತೆಯೇ.

ಅವಳು ಮಾಡಿದ ತಪ್ಪೆಂದರೆ ಮನೆಯವರನ್ನು ಕೇಳಿದ್ದು. ಅವ್ವನ ಕಿವಿಗೆ ಬಿದ್ದದ್ದು ‘ಬ್ಯಾಂಕು’ ಎಂಬ ಒಂದೇ ಶಬ್ದ. ಬ್ಯಾಂಕೆಂದರೆ ಕೌಂಟರು, ತಲೆಯ ಮೇಲೊಂದು ಫ್ಯಾನು, ಸಂಜೆ ಐದಕ್ಕೆಲ್ಲ ಮನೆ. ಇದು ಆ ಬ್ಯಾಂಕಲ್ಲ, ಇಲ್ಲಿ ಪಾಸ್‌ಬುಕ್ಕೂ ಇಲ್ಲ, ಐದಕ್ಕೆ ಮನೆಗೆ ಬರುವುದಂತೂ ಇಲ್ಲವೇ ಇಲ್ಲ ಎಂದು ಮಗಳು ಬಾಯಿ ಬಡಿದುಕೊಳ್ಳುವಷ್ಟರಲ್ಲಿ ಅವ್ವ ಓಣಿಗೆಲ್ಲ ಪೇಡೆ ಹಂಚಿ ಬಂದಿದ್ದಳು. ಅಪ್ಪ ಹೈಸ್ಕೂಲಿನ ಹೆಡ್‌ಮಾಸ್ತರು. ಅವರ ಲೆಕ್ಕದಲ್ಲಿ ಟ್ರೇಡಿಂಗ್ ಅನ್ನುವುದು ಇಸ್ಪೀಟಿನ ಇಂಗ್ಲಿಷ್ ಹೆಸರು. ನಮ್ಮ ಮನೆತನದಲ್ಲಿ ಜೂಜಾಡಿದವರು ಯಾರೂ ಇಲ್ಲ ಎಂದು ಹೇಳಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಒಬ್ಬರು ತಪ್ಪು ತಿಳಿದು ಹೂಂ ಅಂದರು, ಇನ್ನೊಬ್ಬರು ಹೆದರಿ ಉಹೂಂ ಅಂದರು. ನಡುವೆ ನೀಲಾ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾದಳು.

ಕೊನೆಗೆ ಬಸ್ಸು ಹತ್ತಿ ತಾಯಿಯ ತವರೂರಿಗೆ, ಬಸಲಿಂಗಪ್ಪಜ್ಜನ ಮನೆಗೆ ಹೋದಳು. ಅಜ್ಜ ಬೇಸಾಯದ ಜೊತೆಗೆ ಹೋರಿ-ಎತ್ತುಗಳ ವ್ಯಾಪಾರ ಮಾಡುತ್ತ ಬಂದವನು. ಊರಿನ ಅರ್ಧ ಮದುವೆಗಳಿಗೂ ಅವನದೇ ಮಧ್ಯಸ್ಥಿಕೆ. ಮೊಮ್ಮಗಳು ಎರಡು ಕೆಲಸಗಳನ್ನೂ ವಿವರಿಸಿದಳು. ಅಜ್ಜ ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿದ.

“ನನಗ ಅವೆರಡೂ ತಿಳಿಯಂಗಿಲ್ಲ ನೀಲವ್ವಾ,” ಅಂದ. “ಆದರ ಒಂದು ಸಂತಿ ಇದ್ದಂಗ ಐತಿ, ಇನ್ನೊಂದು ಸಂಬಂಧ ಕುದುರಿಸಿದಂಗ ಐತಿ. ಎರಡೂ ಮಾಡಿ ನೋಡು. ಆಮ್ಯಾಲೆ ಹೇಳತೀನಿ.”

ಶನಿವಾರ ಸಂಬಂಧದ ಕೆಲಸ. ಅಜ್ಜನ ಪಕ್ಕದ ಓಣಿಯ ಚೆನ್ನಬಸುವಿಗೆ ಅದೇ ಊರಿನ ಹುಡುಗಿಯೊಬ್ಬಳು ಒಪ್ಪಿಗೆಯಾಗಿ ಮೂರು ತಿಂಗಳಾಗಿತ್ತು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ಜಾತಕ ಕೂಡ ಒಪ್ಪಿತ್ತು. ಒಪ್ಪದೆ ಉಳಿದದ್ದು ಹಿರಿಯರ ಮೂಗು ಮಾತ್ರ. ಮೊದಲು ಅವರು ಬರಲಿ ಎಂದು ಇವರು, ಮೊದಲು ಇವರು ಬರಲಿ ಎಂದು ಅವರು. ನೀಲಾ ಆ ಮನೆಯಿಂದ ಈ ಮನೆಗೆ ಅಲೆದಳು. ಹೋದಲ್ಲೆಲ್ಲ ಚಹಾ ಕುಡಿದಳು, ಅವಲಕ್ಕಿ ತಿಂದಳು, ಇಬ್ಬರ ದೂರನ್ನೂ ತಲೆಯಾಡಿಸುತ್ತ ಕೇಳಿದಳು. ಆಮೇಲೆ ಒಂದು ಉಪಾಯ ಮಾಡಿದಳು. ಅಜ್ಜನ ಮನೆಯಲ್ಲಿ ಹೋಳಿಗೆ ಊಟವಿದೆ ಎಂದು ಎರಡೂ ಮನೆಗೆ ಬೇರೆ ಬೇರೆಯಾಗಿ ಹೇಳಿಬಂದಳು. ಹಿರಿಯರು ಒಂದೇ ಪಂಕ್ತಿಯಲ್ಲಿ ಎದುರುಬದುರಾದರು. ಯಾರೂ ಯಾರ ಮನೆಗೂ ಮೊದಲು ಹೋದಂತಾಗಲಿಲ್ಲ. ತುಪ್ಪ ಬಡಿಸುವ ಹೊತ್ತಿಗೆ ಬೀಗರ ಸಲುಗೆ ಬಂತು, ಕೈ ತೊಳೆಯುವ ಹೊತ್ತಿಗೆ ಮದುವೆಯ ತಿಂಗಳು ಗೊತ್ತಾಯಿತು.

ಊರಿಗೆ ಊರೇ ನೀಲಾಳನ್ನು ಹೊಗಳಿತು. ಅಜ್ಜನೂ ಬೆನ್ನು ತಟ್ಟಿದ. ಇನ್ನೊಂದು ಸಂಬಂಧ ಹೀಗೇ ಸಿಕ್ಕಿಹಾಕಿಕೊಂಡಿದೆ, ನೋಡುತ್ತೀಯಾ ಎಂದು ಕೇಳಿದ. ನೀಲಾ ದೊಡ್ಡದಾಗಿ ಆಕಳಿಸಿ, ಒಳಗೆ ಪಾತ್ರೆ ಎತ್ತಿಡಲು ಹೋದಳು. ಪಾತ್ರೆ ಎತ್ತಿಡುವುದೆಂದರೆ ಅವಳಿಗೆ ಹುಟ್ಟಿದಾಗಿನಿಂದ ಆಗದು.

ಮರುದಿನ ದನದ ಸಂತೆ. ಮಗಳನ್ನು ಕರೆದೊಯ್ಯಲು ಬಂದಿದ್ದ ಅಪ್ಪನೂ ಜೊತೆಗೆ ಹೊರಟರು. ಅಜ್ಜ ಒಂದು ಹೋರಿಯನ್ನು ಅವಳ ಕೈಗೆ ಕೊಟ್ಟು, ಇಷ್ಟಕ್ಕಿಂತ ಕೆಳಗೆ ಇಳಿಯಬೇಡ ಎಂದು ಕಿವಿಯಲ್ಲಿ ಹೇಳಿದ. ಆ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವ ರೂಢಿ ಇಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲಿನ ಕೆಳಗೆ ಕೈ ಕೂಡಿಸುತ್ತಾರೆ. ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಮೇಲೆ ಬಾಯಿ ಮಾತ್ರ ಮಳೆ-ಬೆಳೆ ಎಂದು ಹರಟುತ್ತಿರುತ್ತದೆ.

ನೀಲಾಳ ಎದುರು ಬಂದವರು ದಸ್ತಗೀರ್‌ಸಾಬರು, ಬಿಳಿ ಗಡ್ಡದ ಹಳೆಯ ವ್ಯಾಪಾರಿ. ಕಾಲೇಜಿನ ಬಗ್ಗೆ ವಿಚಾರಿಸುತ್ತಲೇ ಟವೆಲಿನ ಕೆಳಗೆ ಅವಳ ಬೆರಳು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಸುತ್ತಲಿನ ಜನ, ಧೂಳು, ಕೂಗು ಯಾವುದೂ ಅವಳಿಗೆ ಕಾಣಿಸಲಿಲ್ಲ. ಆ ಬೆರಳುಗಳು ಮಾತ್ರ ಇದ್ದವು. ಮೂರನೆಯ ಸಲ ಹಿಡಿದಾಗ ತಡೆಯಲಾರದೆ ಹೂಂ ಅಂದುಬಿಟ್ಟಳು. ಟವೆಲ್ ಸರಿಯಿತು. ಲೆಕ್ಕ ಹಾಕಿದರೆ ಅಜ್ಜ ಹೇಳಿದ್ದಕ್ಕಿಂತ ಎಷ್ಟೋ ಕೆಳಗೆ ಇಳಿದಿದ್ದಳು. ಅಕ್ಕಪಕ್ಕದವರು ನಕ್ಕರು. ಅಪ್ಪನ ಮುಖದಲ್ಲಿ ‘ನಾನು ಹೇಳಲಿಲ್ಲವೇ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

ಅಜ್ಜ ಬೈಯಲಿಲ್ಲ. ಅದರ ಬದಲು ಆಸೆ ತೋರಿಸಿದ. “ಅಲ್ಲಿ ನೋಡು, ಆ ಜೋಡಿ ಎತ್ತು. ಈಗಿಂದೀಗ ಕೊಳ್ಳು, ಮಧ್ಯಾಹ್ನದೊಳಗ ಮಾರು. ಹೋದದ್ದು ಎರಡರಷ್ಟಾಗಿ ಬರತೈತಿ. ರೊಕ್ಕ ನಾ ಕೊಡತೀನಿ.”

ನೀಲಾ ಎತ್ತುಗಳನ್ನು ನೋಡಿದಳು. ಕಾಲು ಅತ್ತ ಎರಡು ಹೆಜ್ಜೆ ಹೋಗಿಯೂಬಿಟ್ಟಿತು. ಕಳೆದ ಮಾನ ಒಂದೇ ಗಳಿಗೆಯಲ್ಲಿ ವಾಪಸು ಬರುವುದಿತ್ತು. ಆದರೆ ನಿಂತಳು. ಅಂಗೈ ನೋಡಿಕೊಂಡಳು.

“ಬ್ಯಾಡ ಅಜ್ಜಾ,” ಅಂದಳು. “ಈಗ ನನಗ ಎತ್ತು ಕಾಣವಲ್ಲವು, ಸೋತಿದ್ದಷ್ಟ ಕಾಣಾಕತ್ತೈತಿ. ಮುಂದಿನ ಸಂತಿಗೆ ಬರತೀನಿ.”

ಹಾಗೆಂದವಳು ನೇರ ದಸ್ತಗೀರ್‌ಸಾಬರ ಬಳಿ ಹೋಗಿ, ತನ್ನ ಕೈಯಲ್ಲಿ ಅವರಿಗೆ ಏನು ಗೊತ್ತಾಯಿತೆಂದು ಕೇಳಿದಳು. ಸೋತವರು ಬಂದು ಜಗಳ ಆಡುವುದನ್ನು ಸಾಬರು ಬೇಕಾದಷ್ಟು ಕಂಡಿದ್ದರು, ಪಾಠ ಕೇಳಲು ಬಂದವರನ್ನು ಕಂಡಿರಲಿಲ್ಲ. ಖುಷಿಯಾಗಿ ನಕ್ಕು, “ಕೈ ಬೆವತಿತ್ತಲ್ಲವ್ವಾ. ಬೆವತ ಕೈ ಲಗೂ ಮುಗಿಸ್ರಿ ಅಂತ ತಾನ ಹೇಳತೈತಿ,” ಅಂದರು.

ಮನೆ ಮುಟ್ಟುವವರೆಗೂ ನೀಲಾಳ ಬಾಯಿ ನಿಲ್ಲಲಿಲ್ಲ. ಎರಡನೇ ಸಲ ಹಿಡಿದಾಗಲೇ ಕೈ ಎಳೆದುಕೊಂಡಿದ್ದರೆ ಏನಾಗುತ್ತಿತ್ತು, ಹಲ್ಲು ನೋಡಿ ಹೋರಿಯ ವಯಸ್ಸು ಹೇಗೆ ತಿಳಿಯುತ್ತದೆ, ಮಳೆ ಚೆನ್ನಾಗಿ ಆದ ವರ್ಷ ಬೆಲೆ ಯಾಕೆ ಏರುತ್ತದೆ. ಕಟ್ಟಿಕೊಂಡು ಹೋದ ಬುತ್ತಿ ಕಟ್ಟಿದಂತೆಯೇ ವಾಪಸು ಬಂತು.

ಸಂಜೆ ಅಜ್ಜ ಅಳಿಯನ ಎದುರೇ ಮಾತು ತೆಗೆದ. “ನಿನ್ನೆ ಗೆದ್ದು ಬಂದು ಆಕಳಿಸಿದಿ. ಇವತ್ತು ಸೋತು ಬಂದು ಊಟ ಮರತಿ. ಇನ್ನ ನನ್ನ ಯಾಕ ಕೇಳತಿ?”

ನೀಲಾ ಅಪ್ಪನ ಕಡೆ ನೋಡಿದಳು. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಅಷ್ಟು ಒರೆಸುವ ಕೊಳೆ ಅದರಲ್ಲಿ ಇರಲಿಲ್ಲ. ಆಮೇಲೆ ಹೇಳಿದರು: “ಸೋತ ಮ್ಯಾಲೆ ಇಸ್ಪೀಟ್ ಬಿಟ್ಟು ಎದ್ದು ಬಂದವರನ್ನ ನಾ ಎಲ್ಲಿಯೂ ನೋಡಿಲ್ಲ. ನೀ ಎದ್ದು ಬಂದಿ. ಹೋಗವ್ವಾ.”

ನೀಲಾಳ ಕಣ್ಣು ತುಂಬಿತು. ಅವಳಿಗೆ ಬೇಕಾಗಿದ್ದದ್ದು ಆ ಒಂದು ಮಾತು.

ಸೋಮವಾರ ಅವಳು ಟ್ರೇಡಿಂಗ್‌ಗೆ ಹೂಂ ಅಂದಳು. ಉಳಿದ ತೊಡಕು ಅವ್ವ ಹಂಚಿದ ಪೇಡೆಯದು. ಆದರೆ ಟ್ರೇಡಿಂಗ್ ಕೆಲಸ ಕೊಟ್ಟದ್ದೂ ಒಂದು ಬ್ಯಾಂಕೇ ಎಂದು ಗೊತ್ತಾದಾಗ ಅವ್ವ ನಿರಾಳವಾದಳು. ಮಗಳು ಬ್ಯಾಂಕಿನಲ್ಲಿದ್ದಾಳೆ ಎಂದು ಓಣಿಯಲ್ಲಿ ಇವತ್ತಿಗೂ ಹೇಳುತ್ತಾಳೆ. ಸುಳ್ಳೇನಲ್ಲವಲ್ಲ.

ಹೊರಡುವಾಗ ಅಜ್ಜ ತನ್ನ ಸಂತೆಯ ಟವೆಲನ್ನೇ ಕೊಟ್ಟ. ಅದು ಈಗ ಮುಂಬಯಿಯ ಆಫೀಸಿನಲ್ಲಿ ಅವಳ ಕುರ್ಚಿಯ ಮೇಲಿದೆ. ಇಷ್ಟು ತಂಪು ಎ.ಸಿ.ಯಲ್ಲಿ ಟವೆಲ್ ಯಾಕೆ ಎಂದು ಜೊತೆಯವರು ನಗುತ್ತಾರೆ. ದೊಡ್ಡದಾಗಿ ಸೋತ ಮೊದಲ ದಿನ ಕಳೆದದ್ದನ್ನು ಕೂಡಲೇ ಎಳೆದುಕೊಳ್ಳಲು ಅವಳ ಬೆರಳು ಮತ್ತೆ ಕೀಲಿಮಣೆಯ ಕಡೆ ಹೋಯಿತು. ಅಂಗೈ ಬೆವತಿತ್ತು. ನೀಲಾ ಟವೆಲ್ ತೆಗೆದುಕೊಂಡು ಕೈ ಒರೆಸಿದಳು, ಎದ್ದು ಚಹಾ ಕುಡಿಯಲು ಹೋದಳು. ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತಳು.

ನೀತಿ: ಗೆದ್ದ ಕೆಲಸವೆಲ್ಲ ನಮ್ಮ ಕೆಲಸವಲ್ಲ, ಸೋತ ಮೇಲೂ ಕಲಿಯುವ ಹಸಿವು ಉಳಿಸುವಂಥದ್ದೇ ನಮ್ಮ ಕೆಲಸ. ಕಳೆದದ್ದನ್ನು ಆಗಲೇ ಎಳೆದುಕೊಳ್ಳಲು ಹೊರಡುವವನು ಜೂಜುಗಾರ, ಕೈ ಒರೆಸಿಕೊಂಡು ನಾಳೆ ಬರುವವನು ಕಸುಬುದಾರ.