ಹೂಂ ಅಂದವನ ಗಡಿಗೆಗಳು

ಒಂದಾನೊಂದು ಊರಿನಲ್ಲಿ ದೂರುಗಳಿಗೂ ಒಂದು ಮನೆ ಇತ್ತು. ನಗಬೇಡಿ. ದನಕ್ಕೆ ಕೊಟ್ಟಿಗೆ ಇಲ್ಲವೇ, ಕೋಳಿಗೆ ಗೂಡು ಇಲ್ಲವೇ, ಹಾಗೆ ಆ ಊರಿನಲ್ಲಿ ದೂರುಗಳಿಗೊಂದು ಮನೆ. ಕೇಳುವುದಾದರೆ ನಡುನಡುವೆ ಹೂಂ ಅನ್ನಿ. ಹೂಂ ಅನ್ನದಿದ್ದರೆ ನಾನು ಮುಂದೆ ಹೇಳುವುದಿಲ್ಲ. ಸುಮ್ಮನೆ ಹೂಂ ಅಂದರೂ ಹೇಳುವುದಿಲ್ಲ. ಕೇಳಿಸಿಕೊಂಡು ಹೂಂ ಅನ್ನಬೇಕು.

ಆ ಊರಿನ ಪದ್ಧತಿ ಹೀಗೆ. ಯಾರಿಗಾದರೂ ಏನಾದರೂ ದೂರಿದ್ದರೆ ಒಂದು ಮಣ್ಣಿನ ಗಡಿಗೆ ತರಬೇಕು. ಗಡಿಗೆಯ ಬಾಯಿಗೆ ಬಾಯಿಟ್ಟು ದೂರು ಹೇಳಬೇಕು. ತಕ್ಷಣ ಬಟ್ಟೆ ಕಟ್ಟಬೇಕು. ದೂರಿನ ಮನೆಗೆ ಹೋಗಿ ತಮ್ಮ ಮನೆಯ ಗೂಟಕ್ಕೆ ನೇತುಹಾಕಿ ಬರಬೇಕು. ಆಮೇಲೆ ಗಡಿಗೆ ಅಲ್ಲೇ ನೇತಾಡುತ್ತ, ಹೇಳಿದವರ ದನಿಯಲ್ಲೇ, ಅದೇ ಮಾತನ್ನು ಹೇಳುತ್ತಲೇ ಇರುತ್ತಿತ್ತು. ಸೂರು ಸೋರುತ್ತೆ, ಸೂರು ಸೋರುತ್ತೆ, ಅಂತ ಒಂದು. ಸೊಸೆ ಉಪ್ಪು ಜಾಸ್ತಿ ಹಾಕ್ತಾಳೆ ಅಂತ ಇನ್ನೊಂದು. ಅರಮನೆಯ ಆಳುಗಳು ಬಂದು ಸೂರು ಸರಿ ಮಾಡಿದ ಗಳಿಗೆಯಲ್ಲೇ ಗಡಿಗೆ ತಾನಾಗಿ ಸುಮ್ಮನಾಗುತ್ತಿತ್ತು. ಸುಮ್ಮನಾದ ಗಡಿಗೆಯನ್ನು ಮನೆಗೆ ಒಯ್ದು ಉಪ್ಪಿನಕಾಯಿ ಹಾಕುತ್ತಿದ್ದರು. ಹಾಗಾಗಿ ಆ ಊರಿನಲ್ಲಿ ಯಾರ ಮನೆಯಲ್ಲಿ ಉಪ್ಪಿನಕಾಯಿ ಜಾಸ್ತಿಯೋ ಅವರೇ ಸುಖವಂತರು.

ಯಾವ ಗಡಿಗೆ ಯಾರದು ಅಂತ ಗಡಿಗೆಯ ಮೇಲೆ ಗುರುತು ಇರುತ್ತಿರಲಿಲ್ಲ. ಗೂಟವೇ ಗುರುತು. ಇದು ಸಾಕವ್ವನ ಮನೆ ಗೂಟ, ಇದು ಕಮ್ಮಾರರ ಮನೆ ಗೂಟ, ಅಂತ ಎಲ್ಲರಿಗೂ ಗೊತ್ತು. ಗೂಟ ಬಿಟ್ಟು ಗಡಿಗೆ ಎಲ್ಲಿಗೆ ಹೋದೀತು, ಅದಕ್ಕೇನು ಕಾಲಿದೆಯೇ?

ಆ ಊರಿನ ರಾಜ ಬೊಪ್ಪರಾಜ. ಅವನಿಗೆ ನೇರ ಸಾಲಿನ ಹುಚ್ಚು. ಮೀಸೆಯ ಎರಡು ತುದಿಗೂ ದಾರ ಹಿಡಿಸಿ ನೋಡಿದ ಮೇಲೇ ಹಾಸಿಗೆಯಿಂದ ಏಳುತ್ತಿದ್ದ. ತಟ್ಟೆಯಲ್ಲಿ ಅವರೆಕಾಳು ಸಾಲಾಗಿ ಕೂತಿಲ್ಲದಿದ್ದರೆ ಊಟ ಬಿಟ್ಟು ಹೋಗುತ್ತಿದ್ದ. ಒಂದು ದಿನ ಅವನು ದೂರಿನ ಮನೆಗೆ ಬಂದ. ಬಂದವನ ತಲೆಗೆ ಒಂದು ಗಡಿಗೆ ಬಡಿಯಿತು. ತಲೆ ಎತ್ತಿ ನೋಡಿದರೆ ಒಂದು ಗೂಟ ಮೇಲೆ, ಒಂದು ಗೂಟ ಕೆಳಗೆ. ದೂರುಗಳು ಎಷ್ಟು ಬೇಕಾದರೂ ಇರಲಿ, ಓರೆಕೋರೆಯಾಗಿ ಇರಕೂಡದು ಅಂದ. ಊರಿನ ಇನ್ನೊಂದು ತುದಿಯಲ್ಲಿ ಒಂದು ಹೊಸ ಮನೆ ಕಟ್ಟಿಸಿದ. ಗೂಟಗಳೆಲ್ಲ ಒಂದೇ ಎತ್ತರ, ಒಂದೇ ಸಾಲು. ಹಳೆಯ ಮನೆಯ ದೂರುಗಳನ್ನೆಲ್ಲ ಹೊಸ ಮನೆಗೆ ಸಾಗಿಸಿ ಅಂತ ಅಪ್ಪಣೆಯಾಯಿತು. ಸಾಗಿಸುವ ಕೆಲಸ ಗಾಡಿ ಹೊಡೆಯುವ ಗಿಡ್ಡಯ್ಯನಿಗೆ ಬಂತು.

ಗಿಡ್ಡಯ್ಯ ಒಳ್ಳೆಯವನು. ಸುಳ್ಳಿಲ್ಲ, ಕಳ್ಳತನವಿಲ್ಲ, ಎತ್ತಿಗೆ ಒಂದೇಟು ಹೊಡೆದವನಲ್ಲ. ಒಂದೇ ಒಂದು ಚಾಳಿ. ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದ. ಏನೂ ಕೇಳಿಸಿಕೊಳ್ಳುತ್ತಿರಲಿಲ್ಲ, ಹೂಂ ಅನ್ನುತ್ತಿದ್ದ. ಎತ್ತು ಅಂಬಾ ಅಂದರೂ ಹೂಂ. ಹೆಂಡತಿ ಚಿಕ್ಕತಾಯಿ ಮದುವೆಯಾದ ಹೊಸದರಲ್ಲಿ, ಎಷ್ಟು ಚೆನ್ನಾಗಿ ಮಾತು ಕೇಳುವ ಗಂಡ ಸಿಕ್ಕಿದ ಅಂತ ಹಿಗ್ಗಿದ್ದಳು. ಬರಬರುತ್ತ ಅನುಮಾನ ಬಂತು. ಮನೆಗೆ ಬೆಂಕಿ ಬಿದ್ದಿದೆ ಅಂತ ಒಮ್ಮೆ ಸುಮ್ಮನೆ ಹೇಳಿ ನೋಡಿದಳು. ಹೂಂ ಅಂದ. ಮಗ್ಗುಲು ಬದಲಾಯಿಸಿದ.

ಅವತ್ತೇ ಚಿಕ್ಕತಾಯಿ ಒಂದು ಗಡಿಗೆ ಕೊಂಡಳು. ಅದರೊಳಗೆ ಒಂದು ದೂರು ಹೇಳಿ, ಬಟ್ಟೆ ಕಟ್ಟಿ, ತಮ್ಮ ಮನೆಯ ಗೂಟಕ್ಕೆ ನೇತುಹಾಕಿ ಬಂದಳು. ನಿಮ್ಮ ಮೇಲೆ ದೂರು ಕೊಟ್ಟು ಬಂದೆ ಅಂತ ಗಂಡನಿಗೆ ಹೇಳಿದಳು. ಅದಕ್ಕೂ ಹೂಂ ಅಂದ. ಆ ದೂರಿಗೆ ಅರಮನೆಯಲ್ಲಿ ಯಾರ ಬಳಿಯೂ ಮದ್ದಿರಲಿಲ್ಲ. ಗಡಿಗೆ ವರ್ಷಗಟ್ಟಲೆ ಅಲ್ಲೇ ಮಾತಾಡುತ್ತಿತ್ತು. ಚಿಕ್ಕತಾಯಿಯ ಮನೆಯಲ್ಲಿ ಒಂದು ಚೂರು ಉಪ್ಪಿನಕಾಯಿ ಇರಲಿಲ್ಲ.

ಗಡಿಗೆ ಸಾಗಿಸುವ ದಿನ ಬೆಳಿಗ್ಗೆ ಚಿಕ್ಕತಾಯಿ ಗಾಡಿಯ ಹತ್ತಿರ ಬಂದು ಹೇಳಿದಳು.

"ಇಕಾ, ಕೇಳಿಸ್ಕೊಳ್ಳಿ. ಗೂಟದಿಂದ ಇಳಿಸೋಕೆ ಮುಂಚೆ ಒಂದೊಂದು ಗಡಿಗೆಗೂ ಆಯಾ ಮನೆಯವರ ಬಟ್ಟೆ ಚೂರು ಕಟ್ಟಿ. ಇಲ್ದಿದ್ರೆ ಯಾವುದು ಯಾರ್ದು ಅಂತ ಆಮೇಲೆ ದೇವ್ರಿಗೂ ಗೊತ್ತಾಗಲ್ಲ."

"ಹೂಂ" ಅಂದ ಗಿಡ್ಡಯ್ಯ.

ಹೂಂ ಅಂದವನು ಗಾಡಿಗೆ ಹುಲ್ಲು ಹಾಸಿದ. ಗಡಿಗೆಗಳನ್ನು ಇಳಿಸಿ ಇಳಿಸಿ ಗಾಡಿಗೆ ತುಂಬಿದ. ಒಂದೂ ಒಡೆಯಲಿಲ್ಲ. ಬಟ್ಟೆ ಚೂರು ಒಂದಕ್ಕೂ ಕಟ್ಟಲಿಲ್ಲ. ಗಡಿಗೆಗಳು ದಾರಿಯುದ್ದಕ್ಕೂ ಒಟ್ಟಿಗೆ ಮಾತಾಡಿದವು. ಇವನು ದಾರಿಯುದ್ದಕ್ಕೂ ಹೂಂ ಅನ್ನುತ್ತ ಬಂದ.

ಹೊಸ ಮನೆಯ ಬಾಗಿಲಲ್ಲಿ ಪಾರುಪತ್ತೇಗಾರ ಸೂರಪ್ಪಯ್ಯ ಸುಣ್ಣದ ಬಟ್ಟಲು ಇಟ್ಟುಕೊಂಡು ಕೂತಿದ್ದ. ಹೊಸ ಮನೆಗೆ ಹೊಸ ಕಟ್ಟಳೆ. ಹೆಸರಿಲ್ಲದ ಗಡಿಗೆ ಗೂಟಕ್ಕೆ ಏರಕೂಡದು. ಮೊದಲನೇ ಗಡಿಗೆ ಎತ್ತಿ, ಇದು ನಿನ್ನದಾ ಅಂತ ಕೇಳಿದ. ಗಿಡ್ಡಯ್ಯ ಹೂಂ ಅಂದ. ಸೂರಪ್ಪಯ್ಯ ಸುಣ್ಣದಲ್ಲಿ ಗಿಡ್ಡಯ್ಯ ಅಂತ ಬರೆದ. ಇದೂ ನಿನ್ನದಾ? ಹೂಂ. ಇದು? ಹೂಂ. ಒಂದು ಗಡಿಗೆ ಹೆಣ್ಣುದನಿಯಲ್ಲಿ, ನನ್ನ ಗಂಡ ಗೊರಕೆ ಹೊಡೀತಾನೆ ಅನ್ನುತ್ತಿತ್ತು. ಸೂರಪ್ಪಯ್ಯನ ಕೈ ಒಂದು ಗಳಿಗೆ ನಿಂತಿತು. ಇದೂ ನಿನ್ನದೇನಯ್ಯಾ ಅಂದ. ಹೂಂ. ದನಿ ನೋಡುವುದು ನನ್ನ ಕೆಲಸವಲ್ಲ, ಹೆಸರು ನೋಡುವುದು ನನ್ನ ಕೆಲಸ, ಅಂದುಕೊಂಡು ಅದನ್ನೂ ಬರೆದ. ಸಂಜೆಯ ಹೊತ್ತಿಗೆ ಇಡೀ ಊರಿನ ದೂರುಗಳೆಲ್ಲ ಗಿಡ್ಡಯ್ಯನ ದೂರುಗಳಾದವು. ರಾಜ ಬಂದು ನೋಡಿದ. ಗೂಟಗಳು ನೇರ, ಗಡಿಗೆಗಳು ನೇರ, ಹೆಸರೂ ಒಂದೇ. ಅವನಿಗೆ ಆನಂದಕ್ಕೆ ಕಣ್ಣಲ್ಲಿ ನೀರು ಬಂತು. ಎರಡು ಕಣ್ಣಿನ ನೀರೂ ಸಮನಾಗಿ ಇಳಿಯುತ್ತಿದೆಯೇ ಅಂತ ಮಂತ್ರಿಯನ್ನು ಕೇಳಿದ.

ಮಾರನೆಯ ದಿನ ಅರಮನೆಯ ಆಳುಗಳು ಸುಣ್ಣದ ಹೆಸರು ನೋಡಿಕೊಂಡು ಹೊರಟರು. ಹೆಂಚು ಹೊದಿಸುವವರು ಗಿಡ್ಡಯ್ಯನ ಮನೆಗೆ ಬಂದರು. ಅವನ ಸೂರು ಸೋರುತ್ತಿರಲಿಲ್ಲ. ಸೋರದ ಸೂರನ್ನು ಸರಿ ಮಾಡುವುದು ಹೇಗೆ? ಮೊದಲು ಹೆಂಚು ತೆಗೆದು ಸೋರುವ ಹಾಗೆ ಮಾಡಿದರು, ಆಮೇಲೆ ಸರಿ ಮಾಡಿದರು. ನನ್ನ ಹಸು ಹಾಲು ಕೊಡಲ್ಲ ಅಂತ ಒಂದು ಗಡಿಗೆ ಹೇಳಿತ್ತು. ಗಿಡ್ಡಯ್ಯನ ಕೊಟ್ಟಿಗೆಯಲ್ಲಿ ಎತ್ತು ಬಿಟ್ಟು ಬೇರೇನೂ ಇರಲಿಲ್ಲ. ಎತ್ತಿನ ಕೆಳಗೆ ಚೊಂಬು ಹಿಡಿದು ಕೂತವನು ಹಿತ್ತಲಿನ ಬೇಲಿಯಲ್ಲಿ ಸಿಕ್ಕಿದ. ಉಪ್ಪು ಜಾಸ್ತಿ ಹಾಕುವ ಸೊಸೆಯನ್ನು ತಿದ್ದಲು ಬಂದವರಿಗೆ ಸೊಸೆ ಸಿಗಲಿಲ್ಲ, ಮಗನೂ ಸಿಗಲಿಲ್ಲ. ಬೇರೆ ಮನೆಯ ಸೊಸೆಯೊಬ್ಬಳನ್ನು ಕರೆತಂದು, ಉಪ್ಪು ಜಾಸ್ತಿ ಹಾಕುವುದನ್ನು ಕಲಿಸಿ, ಆಮೇಲೆ ತಿದ್ದಿದರು.

ಗೊರಕೆ ಹೊಡೆಯುವ ಗಂಡನ ವಿಷಯಕ್ಕೆ ಅರಮನೆಯಲ್ಲಿ ದೊಡ್ಡ ಸಭೆ ಸೇರಿತು. ಗಿಡ್ಡಯ್ಯನ ಗಂಡ ಗೊರಕೆ ಹೊಡೆಯುತ್ತಾನೆ. ಆದರೆ ಗಿಡ್ಡಯ್ಯನಿಗೆ ಗಂಡನೇ ಇಲ್ಲ. ಗಂಡನಿಲ್ಲದೆ ಗೊರಕೆ ನಿಲ್ಲಿಸುವುದು ಹೇಗೆ? ಗರಡಿಯಿಂದ ಮರಿಮಲ್ಲ ಎಂಬ ಪೈಲ್ವಾನನನ್ನು ಕರೆದು ಗಿಡ್ಡಯ್ಯನ ಗಂಡನಾಗಿ ನೇಮಿಸಿದರು. ಪಾಪ, ಅವನು ಬಂದು ಜಗಲಿಯ ಮೇಲೆ ಕೂತ. ನಿದ್ದೆ ಬಂದಾಗ ಗೊರಕೆ ಹೊಡೆದ. ವೈದ್ಯರು ಮೂಗಿಗೆ ಎಣ್ಣೆ ಬಿಟ್ಟರು. ಉಳಿದ ಹೊತ್ತು ಅವನಿಗೆ ಕೆಲಸವಿರಲಿಲ್ಲ.

ಅದೇ ಜಗಲಿಯಲ್ಲಿ ಚಿಕ್ಕತಾಯಿ ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಆರಿಸುವಾಗ ಅವಳಿಗೆ ಮಾತಾಡುವ ಅಭ್ಯಾಸ. ತವರಿನ ಬಾವಿಯಲ್ಲಿ ಬಿದ್ದ ಮೇಕೆಯ ಮಾತು ಬಂತು. ಮರಿಮಲ್ಲ ಅವಳ ಕಡೆ ತಿರುಗಿ, "ಆಮೇಲೆ?" ಅಂದ.

ಚಿಕ್ಕತಾಯಿಯ ಕೈಯಿಂದ ಅಕ್ಕಿ ಜಾರಿತು. ಅವಳನ್ನು ಆಮೇಲೆ ಅಂತ ಯಾರೂ ಕೇಳಿರಲಿಲ್ಲ. ಮೇಕೆಯ ಕತೆ ಪೂರ್ತಿ ಹೇಳಿದಳು. ಒಲೆಯ ಮೇಲಿದ್ದ ಸಾರು ಸೀದುಹೋಯಿತು.

ಗಿಡ್ಡಯ್ಯ ಕೊಟ್ಟಿಗೆಯಿಂದ ಇದನ್ನು ನೋಡಿದ. ಕೈಲಿದ್ದ ಹುಲ್ಲು ಬಿಟ್ಟು ಜಗಲಿಗೆ ಬಂದ. ಅವನು ಯಾರು, ಯಾರ ಗಂಡ ಅಂತ ಕೇಳಿದ.

"ನಿಮ್ಮ ಗಂಡ. ನೀವೇ ತಾನೆ ಹೂಂ ಅಂದಿದ್ದು?" ಅಂದಳು ಚಿಕ್ಕತಾಯಿ.

ಇತ್ತ ಸಾಕವ್ವನ ಸೂರು ಸೋರುತ್ತಲೇ ಇತ್ತು. ಅವಳು ಒದ್ದೆ ತಲೆಯಲ್ಲೇ ಹೊಸ ಮನೆಗೆ ಹೋದಳು. ಸೂರಪ್ಪಯ್ಯ ನೋಡಿ, ನಿನ್ನ ಹೆಸರಲ್ಲಿ ಒಂದು ದೂರೂ ಇಲ್ಲ, ನೀನು ಪರಮ ಸುಖಿ, ಹೋಗವ್ವ ಅಂದ. ಅವಳು ಹೊಸ ಗಡಿಗೆ ತಂದು ಹೊಸದಾಗಿ ಹೇಳಿದಳು. ಅವನು ಕಿವಿಗೊಟ್ಟು, ಸೂರು ಸೋರುವ ದೂರು ಆಗಲೇ ಇದೆ, ಅದು ಗಿಡ್ಡಯ್ಯನದು, ಒಂದೇ ದೂರು ಎರಡು ಗೂಟಕ್ಕೆ ಏರಕೂಡದು ಅಂದ. ಹೀಗೆ ಊರಿನವರೆಲ್ಲ ಒಬ್ಬೊಬ್ಬರಾಗಿ ಹೋಗಿ, ತಾವು ಪರಮ ಸುಖಿಗಳು ಅಂತ ಹೇಳಿಸಿಕೊಂಡು, ಅಳುತ್ತ ವಾಪಸು ಬಂದರು.

ಗಡಿಗೆಗಳು ಸುಮ್ಮನಾಗಲೇ ಇಲ್ಲ. ಸದ್ದಿಗೆ ರಾಜನ ಮೀಸೆ ಅದುರಿ ಒಂದು ತುದಿ ಇಳಿಯಿತು. ಅವನು ಗಿಡ್ಡಯ್ಯನನ್ನು ಕರೆಸಿದ.

"ಹೂಂ ಅಂದವನು ನೀನು. ಯಾರ ಗಡಿಗೆ ಯಾರದು ಅಂತ ನೀನೇ ಗುರುತು ಹಿಡಿದು ಅವರವರಿಗೆ ಕೊಡು. ಹೊತ್ತು ಮುಳುಗುವಾಗ ಒಂದು ಗಡಿಗೆ ಉಳಿದರೂ ಅದರ ಪಕ್ಕದ ಗೂಟಕ್ಕೆ ನಿನ್ನನ್ನು ನೇತುಹಾಕುತ್ತೇನೆ. ಜೀವಮಾನವಿಡೀ. ನೇರವಾಗಿ."

ಇದು ಮಾತ್ರ ಗಿಡ್ಡಯ್ಯನಿಗೆ ಕೇಳಿಸಿತು. ಊರೆಲ್ಲ ಅಂಗಳದಲ್ಲಿ ನೆರೆಯಿತು. ಅವನು ಮೊದಲನೇ ಗಡಿಗೆಗೆ ಕಿವಿ ಇಟ್ಟ. ಸೂರು ಸೋರುತ್ತೆ ಅಂತು. ಅಂಗಳದಲ್ಲಿ ಯಾರ ತಲೆ ಒದ್ದೆ ಅಂತ ನೋಡಿದ. ಸಾಕವ್ವನದು. ಕೊಟ್ಟ. ಗೊರಕೆಯ ಗಡಿಗೆಯನ್ನು ನಿದ್ದೆಗೆಟ್ಟ ಕಣ್ಣಿನವಳಿಗೆ ಕೊಟ್ಟ. ಹಸುವಿನ ಗಡಿಗೆಯನ್ನು ಬರೀ ಮಜ್ಜಿಗೆಗೂ ಗತಿಯಿಲ್ಲದವನಿಗೆ ಕೊಟ್ಟ. ಕೊಡುತ್ತ ಕೊಡುತ್ತ ಅವನಿಗೇ ಆಶ್ಚರ್ಯವಾಯಿತು. ಊರಿನಲ್ಲಿ ಇಷ್ಟು ಜನ ಇಷ್ಟು ಮಾತಾಡುತ್ತಿದ್ದರೇ ಅಂತ.

ಕೊನೆಗೆ ಒಂದು ಗಡಿಗೆ ಉಳಿಯಿತು. ಹೆಣ್ಣುದನಿ. ಮೆತ್ತಗೆ ಹೇಳುತ್ತಿತ್ತು. "ನಾನು ಹೇಳಿದ್ದು ಒಂದೂ ನನ್ನ ಗಂಡನಿಗೆ ಕೇಳಿಸಲ್ಲ."

ಗಿಡ್ಡಯ್ಯ ಆ ಕಡೆ ನೋಡಿದ, ಈ ಕಡೆ ನೋಡಿದ. ಯಾವನಯ್ಯಾ ಈ ಗಂಡ, ಎಂಥ ಕಟುಕ ಇರಬೇಕು ಅಂದ. ಅಂಗಳದಲ್ಲಿ ಯಾರೂ ನಗಲಿಲ್ಲ. ಸಾಕವ್ವ ಬಾಯಿ ತೆರೆಯಲು ಹೋದಳು. ಚಿಕ್ಕತಾಯಿ ಅವಳ ಕೈ ಹಿಡಿದು ಬೇಡ ಅಂದಳು. ದನಿ ಯಾರದೆಂದು ಮರಿಮಲ್ಲನಿಗೂ ಗೊತ್ತಿತ್ತು. ಅವನು ತಲೆ ತಗ್ಗಿಸಿದ. ಗೊತ್ತಿಲ್ಲದವನು ಒಬ್ಬನೇ.

ಹೊತ್ತು ಇಳಿಯಿತು. ಸೂರಪ್ಪಯ್ಯ ಹಗ್ಗ ತಂದು ಗಿಡ್ಡಯ್ಯನ ಎತ್ತರ ಅಳೆಯತೊಡಗಿದ. ಗಿಡ್ಡಯ್ಯ ಕಣ್ಣು ಮುಚ್ಚಿ ಇನ್ನೊಮ್ಮೆ ಕಿವಿ ಇಟ್ಟ. ಮಾತಿಗೆ ಮುಂಚೆ ಗಡಿಗೆಯೊಳಗೆ ಒಂದು ಸಣ್ಣ ಕೆಮ್ಮು ಕೇಳಿಸಿತು. ಮಾತು ಶುರು ಮಾಡುವ ಮುಂಚೆ ಗಂಟಲು ಸರಿ ಮಾಡಿಕೊಳ್ಳುವ ಕೆಮ್ಮು. ಆ ಕೆಮ್ಮು ಅವನಿಗೆ ಗೊತ್ತು. ಮದುವೆಯಾದಾಗಿನಿಂದ, ಅದು ಕೇಳಿದೊಡನೆ ಅವನು ಹೂಂ ಅನ್ನಲು ತಯಾರಾಗುತ್ತಿದ್ದ.

ಅವನು ಕಣ್ಣು ಬಿಟ್ಟ. ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳ ದಾಟಿ ಚಿಕ್ಕತಾಯಿಯ ಮುಂದೆ ನಿಂತ.

"ಇದು ನಿಂದು" ಅಂದ.

"ಹೂಂ" ಅಂದಳು.

ಆಮೇಲೆ ಅವಳು ಸಣ್ಣಗೆ ಕೆಮ್ಮಿದಳು. ಅವತ್ತು ಬೆಂಕಿಯ ಮಾತಿಗೆ ಮುಂಚೆ ನಾನು ನಿಮಗೆ ಏನು ಹೇಳಿದ್ದೆ, ಗೊತ್ತಾ ಅಂತ ಕೇಳಿದಳು. ಹೂಂ ಗಿಡ್ಡಯ್ಯನ ತುಟಿಯವರೆಗೂ ಬಂತು. ನಾಲಿಗೆ ಕಚ್ಚಿಕೊಂಡ. ಗೊತ್ತಿಲ್ಲ, ಹೇಳು ಅಂದ. ತವರಿನ ಬಾವಿಯಲ್ಲಿ ಒಂದು ಮೇಕೆ ಬಿದ್ದಿತ್ತು ಅಂದಳು.

"ಆಮೇಲೆ?" ಅಂದ ಗಿಡ್ಡಯ್ಯ.

ಗಡಿಗೆ ಸುಮ್ಮನಾಯಿತು.

ಊರಿನವರು ತಮ್ಮ ತಮ್ಮ ಗಡಿಗೆಗಳಿಗೆ ತಮ್ಮ ಹೆಸರು ಬರೆಸಿ ಮತ್ತೆ ಗೂಟಕ್ಕೆ ಹಾಕಿದರು. ಸಾಕವ್ವನ ಸೂರು ಸರಿಯಾಯಿತು. ಮರಿಮಲ್ಲನನ್ನು ಗಂಡನ ಕೆಲಸದಿಂದ ಬಿಡಿಸಿದರು. ಚಿಕ್ಕತಾಯಿ ಆ ಗಡಿಗೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಅವನಿಗೂ ಒಂದು ಪಾಲು ಕಳಿಸಿದಳು.

ರಾಜನಿಗೆ ಮಾತ್ರ ಇನ್ನೂ ಬಿಡುವಾಗಿಲ್ಲ. ಉಳಿದ ಗೂಟಗಳಿಗೆ ಹೊಸ ಹೊಸ ದೂರು ಬಂದವು, ಚಿಕ್ಕತಾಯಿಯ ಗೂಟವೊಂದೇ ಖಾಲಿಯಾಗಿ ಸಾಲು ಕೆಟ್ಟಿತಲ್ಲ. ಗೂಟ ಖಾಲಿ ಇದೆ ಅಂತ ಅವನೇ ಒಂದು ಗಡಿಗೆಯಲ್ಲಿ ದೂರು ಹೇಳಿ ಆ ಗೂಟಕ್ಕೆ ಹಾಕಿದ. ಹಾಕಿದೊಡನೆ ಗೂಟ ಖಾಲಿ ಇಲ್ಲ, ಗಡಿಗೆ ಸುಮ್ಮನಾಯಿತು. ಸುಮ್ಮನಾದ ಗಡಿಗೆ ಅಲ್ಲಿರಕೂಡದು, ಇಳಿಸಿದ. ಇಳಿಸಿದೊಡನೆ ಗೂಟ ಖಾಲಿ. ಮತ್ತೆ ಹಾಕಿದ. ಈಗಲೂ ಹಾಕುತ್ತ ಇಳಿಸುತ್ತ ಇದ್ದಾನೆ.

ಇದರ ನೀತಿ ಏನೆಂದರೆ, ಎತ್ತಿನ ಕೆಳಗೆ ಚೊಂಬು ಹಿಡಿದು ಕೂರಬಾರದು. ಕತೆ ಗೂಟದಿಂದ ಇಳಿಯಿತು, ನೀವು ಜಗಲಿಯಿಂದ ಇಳಿಯಿರಿ. ನಿಲ್ಲಿ, ನಿಲ್ಲಿ. ಇಷ್ಟು ಹೊತ್ತೂ ಹೂಂ ಅನ್ನುತ್ತಿದ್ದಿರಲ್ಲ, ಬಾವಿಯಲ್ಲಿ ಬಿದ್ದದ್ದು ಏನು ಅಂತ ಹೇಳಿ ಹೋಗಿ.