ರೀಲಿಲ್ಲದ ಕ್ಯಾಮೆರಾ

ರಾಣೆಬೆನ್ನೂರಿನಲ್ಲಿ ಗುರುಸಿದ್ಧಪ್ಪ ಎಂಬ ಫೋಟೋಗ್ರಾಫರ್ ಇದ್ದ. ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಕಾಲ ಅದು. ಮದುವೆ ಮನೆಗಳಲ್ಲಿ ಅವನದೊಂದು ಕೈಚಳಕವಿತ್ತು. ಮದುಮಕ್ಕಳ ಪಕ್ಕ ನಿಲ್ಲಲು ಮತ್ತೆ ಮತ್ತೆ ಬರುವ ದೂರದ ನೆಂಟರಿಗೆ ಅವನು ರೀಲು ಖರ್ಚು ಮಾಡುತ್ತಿರಲಿಲ್ಲ. ಬರೀ ಫ್ಲ್ಯಾಶ್ ಹೊಡೆಯುತ್ತಿದ್ದ. ಮುಖಕ್ಕೆ ಬೆಳಕು ಬಿದ್ದರೆ ನೆಂಟರಿಗೂ ಸಮಾಧಾನ. ಮೀಸೆ ತಿರುವಿಕೊಂಡು ಊಟಕ್ಕೆ ಹೋಗುತ್ತಿದ್ದರು.

ಅವನಿಗೆ ಇಬ್ಬರು ಮಕ್ಕಳು, ಕಸ್ತೂರಿ ಮತ್ತು ಅವಳ ತಮ್ಮ ಮಲ್ಲೇಶಿ. ಊರ ಮಂದಿಯದೆಲ್ಲ ಫೋಟೋ ತೆಗೆಯುವ ಅಪ್ಪ ತಮ್ಮನ್ನೂ ಕರೆದುಕೊಂಡು ಹೋಗಿ ಫೋಟೋ ತೆಗೆಯುವುದು ಕಲಿಸಲಿ ಎಂದು ಅವರು ಹಟ ಹಿಡಿದರು. ಹೆಂಡತಿ ಶಾಂತವ್ವನೂ ದನಿಗೂಡಿಸಿದಳು. ಗುರುಸಿದ್ಧಪ್ಪ ಭಾನುವಾರಗಳನ್ನು ಮಕ್ಕಳಿಗೆ ಬಿಟ್ಟುಕೊಟ್ಟ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಮಕ್ಕಳಾಟಕ್ಕೆ ರೀಲು ಯಾಕೆ ದಂಡ ಎಂದು ಖಾಲಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟ.

ಮಕ್ಕಳಿಗೆ ಇದು ಗೊತ್ತಿಲ್ಲ. ಮನೆಯಲ್ಲಿ ಸರದಾರ ಎಂಬ ಆಡಿನ ಮರಿ ಇತ್ತು. ಅದರ ತಲೆಗೆ ಅಪ್ಪನ ರುಮಾಲು ಸುತ್ತಿ, ಸ್ಟೂಲಿನ ಮೇಲೆ ನಿಲ್ಲಿಸಿ ಫೋಟೋ ತೆಗೆದರು. ಕೆರೆ ದಂಡೆಯಲ್ಲಿ ನಿಂತ ಕೊಕ್ಕರೆಯದು, ಬೇಲಿ ಮೇಲಿನ ಓತಿಕ್ಯಾತನದು, ಬಟ್ಟೆ ಒಗೆಯುತ್ತಿದ್ದ ಅವ್ವನದು. ಚಕ್ ಎಂದು ಸಪ್ಪಳವಾದರೆ ಇಬ್ಬರೂ ಕುಣಿದಾಡುತ್ತಿದ್ದರು. ಅಪ್ಪ ಪಾಠವನ್ನೇನೋ ಸರಿಯಾಗಿಯೇ ಹೇಳಿದ. ಬೆಳಕು ನೋಡಿಕೊಂಡು ನಿಲ್ಲಬೇಕು, ಕೈ ನಡುಗಬಾರದು, ಕ್ಯಾಮೆರಾದ ಬೆನ್ನನ್ನಂತೂ ತೆರೆಯಲೇಬಾರದು. ತೆರೆದರೆ ರೀಲಿಗೆ ಬೆಳಕು ಬಡಿದು ತೆಗೆದದ್ದೆಲ್ಲ ಸುಟ್ಟುಹೋಗುತ್ತದೆ.

ಫೋಟೋ ಯಾವಾಗ ಕೈಗೆ ಬರುತ್ತವೆ ಎಂದು ಕೇಳಿದರೆ ರೀಲು ಇನ್ನೂ ಮುಗಿದಿಲ್ಲ ಎನ್ನುತ್ತಿದ್ದ. ಆ ರೀಲು ದ್ರೌಪದಿಯ ಸೀರೆಯಾಯಿತು. ಮುಗಿಯಲೇ ಇಲ್ಲ.

ಹೀಗಿರುವಾಗ ಸರದಾರ ಒಂದು ದಿನ ಸ್ಟುಡಿಯೋಕ್ಕೆ ನುಗ್ಗಿ ಹೂದಾನಿಯ ಕಾಗದದ ಗುಲಾಬಿಗಳನ್ನೆಲ್ಲ ತಿಂದಿತು. ಅಷ್ಟಕ್ಕೆ ಹೊಟ್ಟೆ ತುಂಬದೆ, ಹಿಂದಿನ ಪರದೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ಹೂದೋಟವನ್ನೂ ಅಂಚಿನಿಂದ ಮೇಯತೊಡಗಿತು. ಗುರುಸಿದ್ಧಪ್ಪ ಸಿಟ್ಟಿಗೆದ್ದು ಅದನ್ನು ಮಕ್ಕಳ ಸೋದರಮಾವನ ಹಳ್ಳಿಗೆ ಸಾಗಹಾಕಿದ. ಮಲ್ಲೇಶಿ ಅತ್ತೂ ಅತ್ತೂ ಸುಸ್ತಾದ. ಆಗ ಕಸ್ತೂರಿ ತಮ್ಮನ ಮೂಗು ಒರೆಸಿ ಹೇಳಿದಳು:

“ಅಳಬ್ಯಾಡೋ. ಸರದಾರಂದು ಫೋಟೋ ಅದಾವಲ್ಲ. ದಿನಾ ನೋಡೂಣಂತ.”

ಅಲ್ಲೇ ಚಹಾ ಕುಡಿಯುತ್ತಿದ್ದ ಗುರುಸಿದ್ಧಪ್ಪ ಅದನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ರೀಲು ಹಾಕಿರಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಮುಂದಿನ ಭಾನುವಾರ ಅಂಗಳದಲ್ಲಿ ಕೂತು ಕ್ಯಾಮೆರಾ ಒರೆಸುತ್ತಿದ್ದಾಗ, ಒಳಗಿನ ಧೂಳು ಊದಲೆಂದು ತನಗರಿವಿಲ್ಲದೆ ಅದರ ಬೆನ್ನು ತೆರೆದುಬಿಟ್ಟ. ಮಲ್ಲೇಶಿ ಹೌಹಾರಿ, ಸರದಾರ ಸುಟ್ಟುಹೋದ ಎಂದು ನೆಲಕ್ಕೆ ಬಿದ್ದು ಹೊರಳಾಡಿದ. ಓಡಿಬಂದ ಕಸ್ತೂರಿ ಕ್ಯಾಮೆರಾದೊಳಗೆ ಇಣುಕಿದಳು. ಸುಡುವುದಕ್ಕೆ ಅಲ್ಲೇನೂ ಇರಲಿಲ್ಲ. ಅಪ್ಪನ ಮುಖ ನೋಡಿದಳು. ಅದು ಕ್ಯಾಮೆರಾಕ್ಕಿಂತ ಖಾಲಿಯಾಗಿತ್ತು. ಅವಳು ತಮ್ಮನನ್ನು ಎಬ್ಬಿಸಿಕೊಂಡು ಒಳಗೆ ಅವ್ವನ ಹತ್ತಿರ ಹೋದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಕಸ್ತೂರಿಯೇ ಅಪ್ಪನ ಮುಂದೆ ತಾಟು ಇಟ್ಟಳು. ಠಣ್ ಎಂದಿತು. ತಾಟಿನಲ್ಲಿ ರೊಟ್ಟಿಯಿಲ್ಲ, ಪಲ್ಯವಿಲ್ಲ. ಅವನು ಹೆಂಡತಿಯ ಕಡೆ ನೋಡಿದ. ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಲೆಯ ಕಡೆ ತಿರುಗಿದಳು.

“ಉಣ್ಣು ಯಪ್ಪಾ,” ಎಂದಳು ಕಸ್ತೂರಿ. “ಸಪ್ಪಳ ಆತಲ್ಲ.”

ಗುರುಸಿದ್ಧಪ್ಪನಿಗೆ ನಾಚಿಕೆಯಾಯಿತು. ಮಗಳ ಮುಂದೆ ಇಷ್ಟು ಸಣ್ಣವನಾದೆನಲ್ಲ ಎಂದು ಸಂಕಟವಾಯಿತು.

“ತಪ್ಪಾತವ್ವಾ,” ಎಂದ. “ಮದುವಿ ಮಂದಿಗೆ ಮಾಡೂದನ್ನ ನಿಮಗೂ ಮಾಡಿದೆ.”

ಅವನು ಎದ್ದು ಹೊಸ ರೀಲು ತಂದು, ಇಬ್ಬರಿಗೂ ತೋರಿಸಿ ತೋರಿಸಿ ಕ್ಯಾಮೆರಾಕ್ಕೆ ಹಾಕಿದ. ಆಮೇಲೆ ಕ್ಯಾಮೆರಾವನ್ನು ಮಗಳ ಕೊರಳಿಗೇ ಹಾಕಿ, ಮಕ್ಕಳನ್ನು ಸೈಕಲ್ ಹತ್ತಿಸಿಕೊಂಡು ಸೋದರಮಾವನ ಹಳ್ಳಿಗೆ ಹೊರಟ. ಶಾಂತವ್ವ ಕಟ್ಟಿಕೊಟ್ಟ ಬುತ್ತಿಯನ್ನು ದಾರಿಯಲ್ಲಿ ಬಿಚ್ಚಿದಾಗ, ಮೊದಲ ರೊಟ್ಟಿಯನ್ನು ಕಸ್ತೂರಿ ಅಪ್ಪನಿಗೇ ಕೊಟ್ಟಳು.

ಸರದಾರ ಅಷ್ಟರಲ್ಲಿ ಪೂರಾ ಹಳ್ಳಿಯವನಾಗಿದ್ದ. ರುಮಾಲು ಕಟ್ಟಲು ಹೋದರೆ ರುಮಾಲನ್ನೇ ತಿನ್ನಲು ಬಂದ. ಮಕ್ಕಳು ಅವನ ಹಿಂದೆ, ಅಪ್ಪ ಮಕ್ಕಳ ಹಿಂದೆ. ಸಂಜೆಯೊಳಗೆ ರೀಲು ನಿಜವಾಗಿಯೂ ಮುಗಿಯಿತು.

ತೊಳೆಸಿ ತಂದ ಫೋಟೋಗಳ ಚಂದ ಏನು ಹೇಳಲಿ. ಒಂದರಲ್ಲಿ ಬರೀ ಕಿವಿ, ಒಂದರಲ್ಲಿ ಬರೀ ಆಕಾಶ, ಹಲವುಗಳಲ್ಲಿ ಮಲ್ಲೇಶಿಯ ಹೆಬ್ಬೆರಳು. ಒಂದರಲ್ಲಿ ಮಾತ್ರ ಸರದಾರ ಗುರುಸಿದ್ಧಪ್ಪನ ಧೋತರದ ಚುಂಗು ಹಿಡಿದು ಎಳೆಯುತ್ತಿದ್ದಾನೆ, ಗುರುಸಿದ್ಧಪ್ಪ ಬಾಯಿ ತುಂಬ ನಗುತ್ತಿದ್ದಾನೆ. ತಲೆ ಅರ್ಧ ಕತ್ತರಿಸಿಹೋಗಿದೆ. ಅದನ್ನು ತೆಗೆದದ್ದು ನಾನು ನಾನು ಎಂದು ಅಕ್ಕ ತಮ್ಮ ಇಂದಿಗೂ ಜಗಳಾಡುತ್ತಾರೆ.

ಗುರುಸಿದ್ಧಪ್ಪ ಆ ಫೋಟೋಕ್ಕೆ ಕಟ್ಟು ಹಾಕಿಸಿ, ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಮದುಮಕ್ಕಳ ಫೋಟೋಗಳ ನಡುವೆ ಇಟ್ಟ. ಮದುವೆಗಳಲ್ಲಿ ಅವನ ಕೈಚಳಕ ಮುಂದೆಯೂ ನಡೆಯಿತು, ಸುಳ್ಳೇಕೆ ಹೇಳಲಿ. ಆದರೆ ಯಾವ ನೆಂಟರ ಕಂಕುಳಲ್ಲಾದರೂ ಕೂಸು ಕಂಡರೆ, ಆ ಫೋಟೋ ಮಾತ್ರ ರೀಲಿನ ಮೇಲೇ ಬೀಳುತ್ತಿತ್ತು.

ನೀತಿ: ಮಕ್ಕಳ ಜೊತೆ ಹವ್ಯಾಸಕ್ಕೆ ಇಳಿದವರು ಮನಸಾರೆ ಇಳಿಯಬೇಕು. ಚಿತ್ರ ಕೆಟ್ಟರೆ ಮಕ್ಕಳು ನಗುತ್ತಾರೆ; ಅಪ್ಪನೇ ಖಾಲಿ ಎಂದು ತಿಳಿದರೆ ನಗುವುದಿಲ್ಲ.