ಯಾರ ಮನೆಯ ಹೆಪ್ಪು

“ಹಳೆಯ ಚಿತ್ರವೊಂದನ್ನು ಊರೆಲ್ಲ ತಲೆಯ ಮೇಲೆ ಹೊತ್ತು ಮೆರೆಸುತ್ತದೆ. ನನಗೆ ಮಾತ್ರ ಅದು ಸಪ್ಪೆ ಅನಿಸಿತು. ತಪ್ಪು ಚಿತ್ರದ್ದೋ, ನನ್ನದೋ?” ಎಂದು ಚೆನ್ನವೀರ ಗುರುಗಳನ್ನು ಕೇಳಿದ.

ಕೇಳುವಾಗ ಅವನ ಮನಸ್ಸು ಸರಿಯಿರಲಿಲ್ಲ. ಆ ಚಿತ್ರವನ್ನು ಅವನ ಅಪ್ಪ ಹರೆಯದಲ್ಲಿ ಹದಿನೆಂಟು ಸಲ ನೋಡಿದ್ದರು. ಮಗನಿಗೂ ತೋರಿಸಬೇಕೆಂದು ಆಸೆಪಟ್ಟು ಜೊತೆಗೆ ಕೂತಿದ್ದರು. ಚಿತ್ರ ಮುಗಿದಾಗ ಚೆನ್ನವೀರ ಮಂಚದ ಮೇಲೆ ಮಲಗಿದ್ದಲ್ಲಿಂದಲೇ, “ಪರವಾಗಿಲ್ಲಪ್ಪ. ಇದರಲ್ಲಿ ಇರೋದೆಲ್ಲ ನಾನು ಆಗಲೇ ನೋಡಿಬಿಟ್ಟಿದ್ದೀನಿ,” ಅಂದಿದ್ದ. ಅಪ್ಪ ಎದ್ದು ಹೋದರು. ಅಂದಿನಿಂದ ಮಗನ ಎದುರು ಸಿನಿಮಾದ ಸುದ್ದಿಯನ್ನೇ ಎತ್ತಿರಲಿಲ್ಲ. ಅಪ್ಪ ಮಗ ಕೂಡಿ ಮಾತಾಡಲು ಇದ್ದದ್ದೇ ಅದೊಂದು ವಿಷಯ.

ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ದೂರದ ಊರಿನ ಮುದುಕಿಯೊಬ್ಬಳ ಮನೆಯ ಮೊಸರನ್ನು ಒಮ್ಮೆಯಾದರೂ ಉಣ್ಣಬೇಕೆಂದು ಹಿರಿಯರು ಹೇಳುವುದನ್ನು ಕೇಳಿದ್ದ. ಎರಡು ದಿನ ನಡೆದು ಅಲ್ಲಿಗೆ ಹೋದ. ಮುದುಕಿ ಎಲೆ ಹಾಕಿ, ಅನ್ನಕ್ಕೆ ಮೊಸರು ಬಡಿಸಿ, ಅವನ ಮುಖವನ್ನೇ ನೋಡುತ್ತ ಕೂತಳು. ವ್ಯಾಪಾರಿ ನಾಲ್ಕು ತುತ್ತು ಉಂಡು, ಕೂತಲ್ಲಿಂದಲೇ, “ನಮ್ಮನೆ ಮೊಸರೂ ಹೀಗೇ ಇರ್ತದಜ್ಜಿ,” ಅಂದ. ಇಷ್ಟಕ್ಕೆ ಎರಡು ದಿನ ಕಾಲು ಸವೆಸಿದೆನಲ್ಲ ಎಂದು ಅವನಿಗೆ ಬೇಸರ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಈ ಮಹಾಶಯನಿಗೆ ದೂರದ ಗಿಡವೂ ಹಿತ್ತಲದ್ದಾಗಿತ್ತು.

ಮುದುಕಿ ಸಿಟ್ಟಾಗಲಿಲ್ಲ. ನಿಮ್ಮ ಮನೆಯ ಹೆಪ್ಪು ಯಾರ ಮನೆಯದು ಎಂದಷ್ಟೇ ಕೇಳಿದಳು. ವ್ಯಾಪಾರಿಗೆ ಗೊತ್ತಿರಲಿಲ್ಲ. ಮೊಸರು ಉಣ್ಣುವವರು ಹೆಪ್ಪಿನ ಮೂಲ ಕೇಳುವುದುಂಟೆ?

ಊರಿಗೆ ಮರಳಿ ತಾಯಿಯನ್ನು ಕೇಳಿದ. ಎಂದೋ ಹೆಪ್ಪು ಕೆಟ್ಟಾಗ ಪಕ್ಕದ ಮನೆಯಿಂದ ಒಂದು ಚಮಚ ತಂದಿದ್ದೆ ಎಂದಳು. ಪಕ್ಕದ ಮನೆಯವರು ಎದುರು ಮನೆಯಿಂದ ತಂದಿದ್ದರು. ಎದುರು ಮನೆಯವರು ಕೇರಿಯ ಕೊನೆಯ ಮನೆಯಿಂದ. ಆ ಕೊನೆಯ ಮನೆಗೆ ಬಹಳ ಹಿಂದೆ ಸೊಸೆಯಾಗಿ ಬಂದವಳು, ಬಟ್ಟೆಯ ತುಂಡೊಂದನ್ನು ತವರಿನ ಮೊಸರಿನಲ್ಲಿ ಅದ್ದಿ ಒಣಗಿಸಿ, ಗಂಟಿನಲ್ಲಿ ಕಟ್ಟಿಕೊಂಡು ತಂದಿದ್ದಳು. ಅವಳ ತವರು ಅದೇ ಮುದುಕಿಯ ಮನೆ. ಕೇರಿಯ ಮೂವತ್ತು ಮನೆಗಳ ಹಾಲು ಅಂದಿನಿಂದ ಆ ಒಂದು ಬಟ್ಟೆ ತುಂಡಿನ ದಯೆಯಿಂದ ಮೊಸರಾಗುತ್ತಿತ್ತು. ಹುಟ್ಟಿದಾಗಿನಿಂದ ಆ ಮನೆಯ ರುಚಿಯನ್ನೇ ಉಂಡು ಬೆಳೆದವನು ಆ ಮನೆಯಲ್ಲೇ ಕೂತು ಮೂಗು ಮುರಿದು ಬಂದಿದ್ದ. ಅವನಿಗೆ ನಾಚಿಕೆಯಾಯಿತು.

ವ್ಯಾಪಾರಿ ಮತ್ತೆ ಎರಡು ದಿನ ನಡೆದ. ಉಂಡು, ಕೈತೊಳೆದು, ಮುದುಕಿಯ ಮುಂದೆ ಕೈಮುಗಿದು ನಿಂತ. ಹಿಂದೆ ಆಡಿದ್ದ ಮಾತನ್ನೇ ಒಂದಕ್ಷರ ಬಿಡದೆ ಆಡಿದ. ಮುದುಕಿಯ ಕಣ್ಣು ತುಂಬಿತು.

ಕತೆ ಅಲ್ಲಿಗೆ ಮುಗಿಯಿತು. ಚೆನ್ನವೀರನಿಗೆ ತಾನು ಮೆಚ್ಚಿದ ಹೊಸ ಚಿತ್ರಗಳು ನೆನಪಾದವು. ಮುಖ ತೋರಿಸದೆ ಬೆನ್ನಿನಿಂದಲೇ ನಾಯಕನನ್ನು ಕರೆತರುವುದು, ಹೊಡೆದಾಟದ ನಡುವೆ ಸದ್ದೆಲ್ಲ ನಿಂತುಬಿಡುವುದು. ಎಲ್ಲವೂ ಅಪ್ಪ ತೋರಿಸಿದ ಚಿತ್ರದಲ್ಲಿದ್ದವು, ನಲವತ್ತು ವರ್ಷ ಮೊದಲೇ. ಅದನ್ನು ತೆಗೆದವರದು ಎಂಥ ಕೈ ಎಂದು ಅವನಿಗೆ ಈಗ ಬೆರಗಾಯಿತು. ಆದರೂ ಒಂದು ಅಳುಕು ಉಳಿದಿತ್ತು.

“ಅಂದು ಸಪ್ಪೆ ಅನಿಸಿದ್ದಂತೂ ನಿಜ, ಗುರುಗಳೇ. ಈಗ ಹೋಗಿ ಅಪ್ಪನಿಗೆ ಸುಳ್ಳು ಹೇಳಲೇ?”

“ಬೇಡ. ಅಂದ ಮಾತನ್ನೇ ಇನ್ನೊಮ್ಮೆ ಹೇಳು. ಈ ಸಲ ಎದ್ದು ನಿಂತು ಹೇಳು.”